ನಮ್ಮ ಓಣ್ಯಾಂವ

೩ ಅಕ್ಟೋಬರ್ ೨೦೨೪, ಗುರುವಾರ

ಇವತ್ತು ಪ್ಲಾಸ್ಟರ್ ಬಿಚ್ಚಿದರು. ಒಳಗಿನಿಂದ ಹೊರಬಂದ ಕಾಲನ್ನು ನನ್ನದೆಂದು ಒಪ್ಪಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ಮನೆಗೆ ಬಂದು ಟೇಪು ಹಿಡಿದು ಅಳೆದೆ. ಬಲಗಾಲಿನ ಮೀನಖಂಡ ಎಡಗಾಲಿನದಕ್ಕಿಂತ ಮೂರು ಸೆಂಟಿಮೀಟರ್ ಸಣ್ಣ. ಹುನಗುಂದದ ಸರ್ವೇ ಆಫೀಸಿನಲ್ಲಿ ಹದಿನೆಂಟು ವರ್ಷದಿಂದ ಕಂಡವರ ಹೊಲ ಅಳೆಯುತ್ತ ಬಂದವನು ನಾನು, ನನ್ನ ಕಾಲನ್ನು ಅಂದಾಜಿಗೆ ಬಿಡಲಾರೆ.

ಈ ನೋಟ್‌ಬುಕ್ ಫಿಜಿಯೋಥೆರಪಿಯ ಮುಬಶೀರಾ ಮೇಡಂ ಅವರ ಅಪ್ಪಣೆ. "ದಿನಾ ಎಷ್ಟ ನಡದ್ರಿ, ಎಲ್ಲಿ ನೋವಾತು, ಎಲ್ಲಾ ಬರದಿಡ್ರಿ ಸರ್. ನನಗ ತೋರಸೂದು ಬ್ಯಾಡ. ನಿಮಗ ನೀವ ಸುಳ್ಳ ಹೇಳಿಕೋಬಾರದಲ್ಲ, ಅದಕ್ಕ." ಇಪ್ಪತ್ತೆಂಟು ವರ್ಷದ ಹುಡುಗಿ, ನಲವತ್ತಮೂರರ ನನ್ನನ್ನು ಮೂರನೇ ಇಯತ್ತೆಯವನ ಹಾಗೆ ಗದರಿಸುತ್ತಾಳೆ.

ಆಗಸ್ಟಿನಲ್ಲಿ ಆದದ್ದನ್ನು ಒಮ್ಮೆ ಬರೆದು ಮುಗಿಸುತ್ತೇನೆ. ನಸುಕಿನಲ್ಲಿ ಇಳಕಲ್ಲಿನಿಂದ ಹುನಗುಂದದ ಕಡೆ ಓಡುತ್ತಿದ್ದೆ. ಕಲ್ಲಿನ ದಿಂಡು ಹೇರಿಕೊಂಡ ಲಾರಿ ಎದುರಿಗೆ ಬಂತು. ಬದಿಗೆ ಸರಿದೆ, ಬಲಗಾಲು ಮೋರಿಯ ಗುಂಡಿಗೆ ಇಳಿಯಿತು, ಕಣಕಾಲಿನ ಎಲುಬು ಮುರಿಯಿತು. ಲಾರಿಯವನದೇನೂ ತಪ್ಪಿಲ್ಲ. ನಾನು ಗಡಿಯಾರ ನೋಡುತ್ತಿದ್ದೆ.

ಫೆಬ್ರವರಿ ಒಂಬತ್ತಕ್ಕೆ ನಮ್ಮ ಓಟದ ಬಳಗದವರು ಬಾದಾಮಿಯಿಂದ ಪಟ್ಟದಕಲ್ಲಿನವರೆಗೆ ಇಪ್ಪತ್ತೊಂದು ಕಿಲೋಮೀಟರ್ ಓಡಲಿದ್ದಾರೆ. ಕಳೆದ ಸಲ ಒಂದು ಗಂಟೆ ನಲವತ್ತಮೂರು ನಿಮಿಷ ನನ್ನದು. ಈ ಸಲ ನಲವತ್ತು. ಇದು ಬರಹದಲ್ಲಿ ಇರಲಿ.

೯ ಅಕ್ಟೋಬರ್, ಬುಧವಾರ

ನಡಿಗೆ ಹತ್ತು ನಿಮಿಷ. ಹಿಮ್ಮಡಿ ಎತ್ತಿ ಇಳಿಸುವುದು, ಇಪ್ಪತ್ತು ಸಲ, ಮೂರು ಸುತ್ತು.

ವ್ಯಾಯಾಮವನ್ನು ಮಗ್ಗದ ಕೋಣೆಯಲ್ಲಿ ಮಾಡುತ್ತೇನೆ. ಮಗ್ಗ ಈಗಿಲ್ಲ, ಹೆಸರು ಉಳಿದಿದೆ. ಅಪ್ಪ ಕಾಲು ಇಳಿಬಿಟ್ಟು ಕೂತು ನೇಯುತ್ತಿದ್ದ ಕುಣಿಯನ್ನು ಮೂರು ವರ್ಷದ ಹಿಂದೆ ಮಣ್ಣು ತುಂಬಿಸಿ ಮೇಲೆ ಟೈಲ್ಸ್ ಹಾಕಿಸಿದೆ. ಅಲ್ಲಿ ಹಿಮ್ಮಡಿ ಇಳಿಸಿದಾಗ ಟೊಳ್ಳು ಸಪ್ಪಳ ಬರುತ್ತದೆ. ಮಣ್ಣು ಕುಸಿದಿರಬೇಕು. ಗೌಂಡಿಯನ್ನು ಕರೆಸಬೇಕು.

೧೮ ಅಕ್ಟೋಬರ್, ಶುಕ್ರವಾರ

ಇವತ್ತು ಒಂದು ವಿಚಿತ್ರ ನಡೆಯಿತು.

ಅವ್ವನಿಗೆ ಎಪ್ಪತ್ತನಾಲ್ಕು. ಎರಡು ವರ್ಷದಿಂದ ಮರೆವು. ಗುರುಲಿಂಗವ್ವ ಅಂತ ತನ್ನ ಹೆಸರು ಹೇಳುತ್ತಾಳೆ, ಓಣಿಯ ಹೆಸರು ಹೇಳುತ್ತಾಳೆ, ನಡುವಿನ ವರ್ಷಗಳು ಮಾತ್ರ ಕಲಸಿಹೋಗಿವೆ. ಅದಕ್ಕಿಂತ ಚಿಂತೆಯದು ಊಟ. ಬೇಸಿಗೆಯಲ್ಲಿ ನಲವತ್ತೊಂದು ಕಿಲೋ ಇದ್ದವಳು ಈಗ ಮೂವತ್ತೇಳು. ಹೆಂಡತಿ ನೇತ್ರಾ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು, ಪ್ರತಿ ಭಾನುವಾರ ಅವ್ವನನ್ನು ತಕ್ಕಡಿಯ ಮೇಲೆ ನಿಲ್ಲಿಸಿ ಅಂಕಿ ಬರೆದಿಡುತ್ತಾಳೆ. ಡಾಕ್ಟರು ಹೇಳಿದ್ದಾರೆ, ಹೀಗೇ ಇಳಿದರೆ ಚಳಿಗಾಲ ದಾಟುವುದು ಕಷ್ಟ.

ಬೆಳಿಗ್ಗೆ ಆರೂವರೆಗೆ ನಡಿಗೆ ಮುಗಿಸಿ ಬಂದೆ. ಕಾಲು ದಣಿದಿತ್ತು, ಕುಂಟುತ್ತಿದ್ದೆ. ಕದ ಮುಟ್ಟುವ ಮೊದಲೇ ಒಳಗಿನ ಚಿಲಕ ತೆಗೆದ ಸಪ್ಪಳ. ಅವ್ವ ತಲೆಯ ಮೇಲೆ ಸೆರಗು ಹೊದ್ದು ಬಾಗಿಲಲ್ಲಿ ನಿಂತಿದ್ದಳು. ಅವಳು ತಾನಾಗಿ ಎದ್ದು ಬಾಗಿಲು ತೆಗೆದು ಒಂದು ವರ್ಷವಾಗಿತ್ತು.

"ಬಂದ್ರೇನ್ರಿ? ಕೈಕಾಲ ತೊಳಕೋರಿ. ಸೆರಗ ನೇಯೂದು ಉಳದೈತಿ."

ಅವ್ವ ಜೀವಮಾನದಲ್ಲಿ ಹೀಗೆ ಕರೆದದ್ದು ಒಬ್ಬರನ್ನೇ. ಅಪ್ಪ ಕಾಶಪ್ಪ ಹೋಗಿ ಆರು ವರ್ಷವಾಯಿತು. ಸಣ್ಣವನಿದ್ದಾಗ ಬಂದ ಜ್ವರದಿಂದ ಒಂದು ಕಾಲು ಸೋತಿತ್ತು ಅವನಿಗೆ. ಒಂದು ಹೆಜ್ಜೆ ಗಟ್ಟಿ, ಒಂದು ಎಳೆತ. ನಾನೂ ಹಾಗೆಯೇ ಬಂದಿದ್ದೆ. ಇಳಕಲ್ ಸೀರೆಯ ಒಡಲನ್ನು ಒಬ್ಬನೇ ನೇಯ್ದರೂ ಸೆರಗಿಗೆ ಬಂದಾಗ ಎದುರಿಗೆ ಇನ್ನೊಬ್ಬರು ಕೂತು ಲಾಳಿ ಕೊಟ್ಟು ತೆಗೆದುಕೊಳ್ಳಬೇಕು. ನಲವತ್ತು ವರ್ಷ ಅವ್ವ ಕೂತದ್ದು ಅಲ್ಲಿ.

ಕೈಕಾಲು ತೊಳೆದು ಅವಳ ಎದುರಿಗೆ ಕೂತೆ. ಅವ್ವ ಒಂದೂವರೆ ರೊಟ್ಟಿ ತಿಂದಳು. ನೇತ್ರಾ ಒಲೆಯ ಮುಂದೆ ನಿಂತವಳು ನಿಂತೇ ಇದ್ದಳು.

೨೬ ಅಕ್ಟೋಬರ್, ಶನಿವಾರ

ನಡಿಗೆ ಇಪ್ಪತ್ತೈದು ನಿಮಿಷ. ದಿನವೂ ಅದೇ. ಕುಂಟುತ್ತ ಬರುತ್ತೇನೆ, ಚಿಲಕ ಸರಿಯುತ್ತದೆ, ಅವ್ವ ಉಣ್ಣುತ್ತಾಳೆ. ನೇತ್ರಾಳ ಸ್ಕೂಟರಿನ ಮೇಲೆ ಬಂದ ದಿನ ಅವ್ವ ಮಂಚ ಬಿಟ್ಟು ಏಳಲಿಲ್ಲ. ಅಂದರೆ ಅವಳು ಗುರುತು ಹಿಡಿಯುವುದು ಕಣ್ಣಿಂದಲ್ಲ, ಕಿವಿಯಿಂದ.

೫ ನವೆಂಬರ್, ಮಂಗಳವಾರ

ಓಡಿದೆ! ಒಂದು ನಿಮಿಷ ಓಟ, ನಾಲ್ಕು ನಿಮಿಷ ನಡಿಗೆ, ಹೀಗೆ ಐದು ಸಲ. ಮುಬಶೀರಾ ಮೇಡಂ ಪಕ್ಕದಲ್ಲೇ ನಿಂತು ಎಣಿಸಿದರು. ಎಂಟು ವರ್ಷ ಓಡಿದವನಿಗೆ ಒಂದು ನಿಮಿಷದ ಓಟ ಅಂದರೆ ಅವಮಾನ ಅನ್ನಿಸಬೇಕಿತ್ತು. ಅಳು ಬಂತು. ಬೆವರು ಒರೆಸಿಕೊಂಡ ಹಾಗೆ ಮಾಡಿದೆ.

"ಇನ್ನ ಮ್ಯಾಲೆ ನಡಿಗಿ ಕಡಿಮಿ ಮಾಡಕೋತ ಹೋಗೂಣ್ರಿ. ಜನವರಿಗೆ ನಾಲ್ಕ ನಿಮಿಷ ಓಟ, ಒಂದ ನಿಮಿಷ ನಡಿಗಿ. ಆಮ್ಯಾಲೆ ನಡಿಗಿನ ಬ್ಯಾಡ."

೧೫ ನವೆಂಬರ್, ಶುಕ್ರವಾರ

ಕುಂಟು ಹೋಗಿದೆ. ಮೇಡಂ ಮೊಬೈಲಿನಲ್ಲಿ ನನ್ನ ನಡಿಗೆಯ ವಿಡಿಯೋ ತೆಗೆದು ತೋರಿಸಿದರು, ಎರಡೂ ಹೆಜ್ಜೆ ಸಮ. ಇಂಥ ದಿನ ಪೇಢೆ ಹಂಚಬೇಕು.

ಆದರೆ ಓಡುತ್ತಲೇ ಮನೆ ಸೇರತೊಡಗಿದ ಈ ಮೂರು ದಿನದಿಂದ ಚಿಲಕ ಸರಿದಿಲ್ಲ. ನಾನು ಬಂದು ಎದುರಿಗೆ ಕೂತರೆ ಅವ್ವ ಬಾಗಿಲು ನೋಡುತ್ತಾಳೆ. ಮೂರು ದಿನದಿಂದ ಬರೀ ಚಹಾ. ನೇತ್ರಾ ಗಂಜಿ ಹಿಡಿದರೆ ತುಟಿ ಬಿಗಿಹಿಡಿಯುತ್ತಾಳೆ.

೧೬ ನವೆಂಬರ್, ಶನಿವಾರ

ಓಣಿಯ ನಳದ ಹತ್ತಿರ ನಿಂತೆ. ಅಲ್ಲಿಂದ ಮನೆಯ ಬಾಗಿಲಿಗೆ ಮೂವತ್ತೊಂದು ಹೆಜ್ಜೆ. ಮೂವತ್ತೊಂದೂ ಕುಂಟಿದೆ.

ಚಿಲಕ ಸರಿಯಿತು. "ಮೂರ ದಿನಾ ಎಲ್ಲಿ ಹೋಗಿದ್ರಿ? ಹೇಳಿ ಹೋಗಬಾರದ?"

ಎರಡು ರೊಟ್ಟಿ ತಿಂದಳು. ನೇತ್ರಾಳಿಗೆ ನಿಜ ಹೇಳಿದೆ. ಅವಳು ಉಳಿದ ರೊಟ್ಟಿ ಮುಚ್ಚಿಟ್ಟು, "ಅವ್ವಗ ಒಳ್ಳೇದಾದ್ರ ಮಾಡ್ರಿ. ಖರೆ ಮೂವತ್ತೊಂದ ಹೆಜ್ಜಿಗೇ ನಿಂದರಸ್ರಿ," ಅಂದಳು.

೨೭ ನವೆಂಬರ್, ಬುಧವಾರ

ಏನು ಬರೆಯಲಿ.

ಅವ್ವ ಉಣ್ಣುತ್ತ ಈಗೀಗ ಮಾತಾಡುತ್ತಾಳೆ. ಬಣ್ಣದವನು ರೇಷ್ಮೆ ಕೆಡಿಸಿದ್ದು, ನಳಕ್ಕೆ ನೀರು ಬಾರದ್ದು, ಎಂದೋ ಮುಗಿದ ಸುದ್ದಿಗಳು. ನಾನು ಹೂಂ ಅನ್ನುತ್ತೇನೆ. ಅಪ್ಪನೂ ಹೂಂ ಅನ್ನುವುದಕ್ಕಿಂತ ಹೆಚ್ಚು ಆಡಿದವನಲ್ಲ. ಇವತ್ತು ಮಾತು ನನ್ನ ಕಡೆ ತಿರುಗಿತು.

"ಹುನಗುಂದದಾಗ ಹುಡುಗ ಹಂಗಂದಾ ಅಂತ ಎರಡ ದಿನಾ ಮಗ್ಗಾ ತುಳೀಲಿಲ್ಲ ನೀವು. ಸಣ್ಣಾಂವ್ರಿ ಅವ. ಗೆಳೆಯಾರ ಮುಂದ ನಾಚಿಕಿ ಆತು. ಅಪ್ಪ ಕುಂಟ ಅಂತ ಹ್ಯಾಂಗ ಹೇಳ್ಯಾನು?"

ಎತ್ತಿದ ತುತ್ತನ್ನು ತಟ್ಟೆಗೆ ಇಟ್ಟೆ. ಅಪ್ಪನಿಗೆ ಕೇಳಿಸಿರಲಿಲ್ಲ ಎಂದು ಇಪ್ಪತ್ತೆಂಟು ವರ್ಷ ನಂಬಿಕೊಂಡಿದ್ದೆ.

೨೮ ನವೆಂಬರ್, ಗುರುವಾರ

ಓಡಲಿಲ್ಲ.

೩೦ ನವೆಂಬರ್, ಶನಿವಾರ

ಬರೆದೇ ಬಿಡುತ್ತೇನೆ. ನನಗೆ ನಾನೇ ಸುಳ್ಳು ಹೇಳಿಕೊಳ್ಳಬಾರದು ಎಂದಲ್ಲವೇ ಈ ನೋಟ್‌ಬುಕ್.

೧೯೯೬. ತಾಲೂಕು ಕ್ರೀಡಾಕೂಟ, ಹುನಗುಂದದ ಮೈದಾನ. ನನಗೆ ಹದಿನೈದು, ಸಾವಿರದೈನೂರು ಮೀಟರ್. ಬರಬೇಡ ಎಂದು ನಾನು ಹೇಳಿರಲಿಲ್ಲ. ಬರುತ್ತೇನೆಂದು ಅಪ್ಪನೂ ಹೇಳಿರಲಿಲ್ಲ. ಓಟಕ್ಕೆ ಹತ್ತು ನಿಮಿಷ ಇರುವಾಗ ಮೈದಾನದ ಆ ತುದಿಯಿಂದ ಸುಣ್ಣದ ಗೆರೆ ದಾಟಿಕೊಂಡು ಬಂದ. ಕೈಯಲ್ಲಿ ಕೆಂಪು ಬಟ್ಟೆಯ ರೊಟ್ಟಿಯ ಗಂಟು. ಹುಡುಗರು ನಕ್ಕರು. ಒಬ್ಬ ಅವನ ಹಾಗೆ ನಡೆದು ತೋರಿಸಿದ. "ಯಾರಲೇ ಅಂವ? ನಿನ್ನ ಕಡೆ ಬರಾಕತ್ತಾನ?" ಅಂತ ಕೇಳಿದ.

"ನಮ್ಮ ಓಣ್ಯಾಂವ," ಅಂದೆ.

ಅಪ್ಪ ನಾಲ್ಕು ಮಾರು ದೂರದಲ್ಲಿದ್ದ. ನಿಂತ. ಗಂಟನ್ನು ನಮ್ಮ ಚೀಲಗಳ ಪಕ್ಕ ಇಟ್ಟು ಹೊರಟುಹೋದ. ನಾನು ಮೊದಲನೆಯವನಾಗಿ ಬಂದೆ. ಯಾರು ತಂದದ್ದೆಂದು ಹುಡುಗರು ಮತ್ತೆ ಕೇಳುತ್ತಾರೆಂದು ಗಂಟನ್ನು ಗೋಡೆಯಾಚೆ ಎಸೆದೆ. ಅದನ್ನು ಯಾರೂ ನೋಡಲಿಲ್ಲ, ನಾನು ಯಾರಿಗೂ ಹೇಳಲಿಲ್ಲ. ನೇತ್ರಾಳಿಗೂ ಇಲ್ಲ. ಸಂಜೆ ಮನೆಗೆ ಬಂದಾಗ ಅಪ್ಪ ಮಗ್ಗದ ಕುಣಿಯಿಂದ ತಲೆ ಎತ್ತಿ, "ಎಷ್ಟ ನಿಮಿಷ?" ಅಂದ. ಅಷ್ಟೇ.

ಅದೇ ಊರಿನಲ್ಲಿ ನೌಕರಿ. ಹದಿನೆಂಟು ವರ್ಷದಿಂದ ಆ ಮೈದಾನದ ರಸ್ತೆ ಬಿಟ್ಟು ಸುತ್ತು ಹಾಕಿ ಆಫೀಸಿಗೆ ಹೋಗುತ್ತೇನೆ. ನಾನೂರು ಮೀಟರ್ ಹೆಚ್ಚು.

೭ ಡಿಸೆಂಬರ್, ಶನಿವಾರ

ಓಟ ಎರಡು, ನಡಿಗೆ ಮೂರು.

ನಡಿಗೆಯ ನಿಮಿಷಗಳಲ್ಲಿ ಹಿಂದೆ ಒಂದು ಸಪ್ಪಳ. ನನ್ನ ಹೆಜ್ಜೆಗಿಂತ ಅರ್ಧ ಹೆಜ್ಜೆ ತಡವಾಗಿ ಬೀಳುತ್ತದೆ. ಓಡತೊಡಗಿದರೆ ಹಿಂದೆ ಬೀಳುತ್ತದೆ, ನಡೆದರೆ ಬಂದು ಕೂಡುತ್ತದೆ. ಮೂರು ಸಲ ತಿರುಗಿ ನೋಡಿದೆ, ಖಾಲಿ ರಸ್ತೆ. ರಸ್ತೆಯ ಎರಡೂ ಕಡೆ ಒಟ್ಟಿದ ಕಲ್ಲಿನ ದಿಂಡುಗಳಿವೆ, ಪ್ರತಿಧ್ವನಿ ಇರಬೇಕು. ಲೆಕ್ಕ ಹಾಕಿದರೆ ಅಷ್ಟು ತಡ ಆಗಬಾರದು.

೧೩ ಡಿಸೆಂಬರ್, ಶುಕ್ರವಾರ

ನೇತ್ರಾ ಸಿಟ್ಟಾದಳು. ಸಂತೆಯಲ್ಲಿ ನಾನು ಕಾಯಿಪಲ್ಲೆ ಚೀಲ ಹಿಡಿದು ಮುಂದೆ ಹೋಗುತ್ತಿದ್ದೆ, ಅವಳು ಹಿಂದೆ.

"ಇಲ್ಲಿ ಅವ್ವ ಎಲ್ಲದಾರ? ಯಾರ ಸಲುವಾಗಿ ಕುಂಟಾಕತ್ತೀರಿ?"

"ದಣದೇನಿ," ಅಂದೆ. ಇದೇನು ಇಷ್ಟಕ್ಕೆಲ್ಲ ಸಿಟ್ಟು. ಚೀಲ ಭಾರವಿತ್ತು. ಮನೆಗೆ ಬಂದು ಮಗ್ಗದ ಕೋಣೆಯಲ್ಲಿ ಒಬ್ಬನೇ ಕೂತೆ. ಈಗೀಗ ಅಲ್ಲಿ ಕೂತರೇ ಸಮಾಧಾನ. ಟೈಲ್ಸ್ ಕೆಳಗೆ ಟೊಕ್ ಅಂದಿತು. ನಾನು ಕಾಲು ಅಲ್ಲಾಡಿಸಿರಲಿಲ್ಲ.

೧೯ ಡಿಸೆಂಬರ್, ಗುರುವಾರ

ಬಾಗಲಕೋಟೆಗೆ ಹೋಗಿ ಎಕ್ಸ್‌ರೇ ತೆಗೆಸಿಕೊಂಡು ಬಂದೆ. ಮುಬಶೀರಾ ಮೇಡಂ ಅದನ್ನು ಬೆಳಕಿಗೆ ಹಿಡಿದು ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಎಲುಬು ಚಂದಾಗಿ ಕೂಡೈತ್ರಿ ಸರ್. ನವೆಂಬರದಾಗ ನೆಟ್ಟಗ ನಡೀತಿದ್ರಿ. ಈಗ ಈ ಕುಂಟೂದು ಯಾರದು?"

ನಕ್ಕುಬಿಟ್ಟೆ. ಅವರು ನಗಲಿಲ್ಲ. ಬಲಗಾಲು ಉಳಿಸಲು ಹೋಗಿ ಎಡಗಾಲಿನ ಮಂಡಿಯ ಮೇಲೆ ಭಾರ ಹಾಕುತ್ತಿದ್ದೇನಂತೆ, ಅದು ಬಾತಿದೆ. "ಹಿಂಗ ನಡದ್ರ ಫೆಬ್ರವರಿ ಅಷ್ಟ ಅಲ್ಲ, ಮುಂದ ಓಟಾನ ಇಲ್ಲ. ಬರದ ಕೊಡ್ಲೇನು?"

ಬರುವಾಗ ಬಸ್ಸು ಅಮೀನಗಡದಲ್ಲಿ ನಿಂತಾಗ ಕರದಂಟು ಕೊಂಡಿದ್ದೆ. ಅವ್ವ ಒಂದು ತುಂಡು ತಿಂದು ಇನ್ನೊಂದನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಯಾರಿಗೆ ಎಂದು ಕೇಳಲು ಧೈರ್ಯವಾಗಲಿಲ್ಲ.

೨೨ ಡಿಸೆಂಬರ್, ಭಾನುವಾರ

ತಕ್ಕಡಿಯಲ್ಲಿ ಅವ್ವ ನಲವತ್ತು ಕಿಲೋ. ನನ್ನ ಮಂಡಿ ಹೋದರೆ ಹೋಗಲಿ ಅನ್ನಿಸಿತು.

ಉಣ್ಣುತ್ತ ಇವತ್ತು ಕೇಳಿದಳು. "ಮಗನ ಮ್ಯಾಲಿನ ಸಿಟ್ಟ ಹೋತಿಲ್ಲೋ?"

ನಾನು ತಲೆ ಬಗ್ಗಿಸಿ ರೊಟ್ಟಿ ಮುರಿಯತೊಡಗಿದೆ. ಅವ್ವ ಸ್ವಲ್ಪ ಹೊತ್ತು ಕಾದಳು. ಆಮೇಲೆ ತಟ್ಟೆಯಲ್ಲೇ ಕೈ ತೊಳೆದಳು.

೨೩, ೨೪, ೨೫ ಡಿಸೆಂಬರ್

ಮೂರು ದಿನವೂ ಅದೇ ಪ್ರಶ್ನೆ. ಉತ್ತರವಿಲ್ಲದೆ ಅವಳು ಮುಂದಿನ ತುತ್ತು ಎತ್ತುವುದಿಲ್ಲ.

೨೬ ಡಿಸೆಂಬರ್, ಗುರುವಾರ

"ಸಿಟ್ಟಿಲ್ಲ," ಅಂದೆ. ಅಪ್ಪನ ಗಂಟಲಿನಲ್ಲೇ ಅಂದೆ, ಹಾಗೆ ಅನ್ನಲು ಬರುತ್ತದೆಂದು ನನಗೇ ಗೊತ್ತಿರಲಿಲ್ಲ.

ಅವ್ವ ಉಂಡಳು. ನಾನು ತಟ್ಟೆ ಬಿಟ್ಟು ಹಿತ್ತಲಿಗೆ ಹೋದೆ. ನನ್ನ ಹೊಲದ ನಕ್ಷೆ ನಾನೇ ಬರೆದು, ಬದು ಸರಿಸಿ, ಅದರ ಕೆಳಗೆ ಸಾಹೇಬರ ಸಹಿಯನ್ನೂ ನಾನೇ ಹಾಕಿದ ಹಾಗಾಯಿತು. ಇಂಥದ್ದನ್ನು ಬೇರೆಯವರು ಮಾಡಿದ್ದರೆ ಆಫೀಸಿನಲ್ಲಿ ನಾನೇ ಹಿಡಿದುಕೊಡುತ್ತಿದ್ದೆ. ಅಪ್ಪ ಬದುಕಿದ್ದಾಗ ಒಂದು ಸಲ, ಒಂದೇ ಸಲ, ತಪ್ಪಾಯಿತು ಅನ್ನಲು ನನಗೆ ಇಪ್ಪತ್ತೆರಡು ವರ್ಷ ಸಮಯವಿತ್ತು.

೪ ಜನವರಿ ೨೦೨೫, ಶನಿವಾರ

ಓಟ ನಾಲ್ಕು, ನಡಿಗೆ ಒಂದು. ಎಡಮಂಡಿಗೆ ಪಟ್ಟಿ ಕಟ್ಟಿದ್ದೇನೆ. ಸಪ್ಪಳ ಈಗ ದಿನವೂ ಬರುತ್ತದೆ. ತಿರುಗಿ ನೋಡುವುದನ್ನು ಬಿಟ್ಟಿದ್ದೇನೆ.

೮ ಜನವರಿ, ಬುಧವಾರ

ಮನೆಗೆ ಬರುವಾಗ ಪಕ್ಕದ ಮನೆಯ ಹುಸೇನಬಿ ಕಟ್ಟೆಯ ಮೇಲೆ ಬಿಸಿಲಿಗೆ ಕೂತಿದ್ದಳು. ಅಪ್ಪನ ಮಗ್ಗಕ್ಕೆ ಮೂವತ್ತು ವರ್ಷ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಿ ಕೊಟ್ಟವಳು, ಅವ್ವನ ಓರಗೆಯವಳು. ನಳದಿಂದ ನಾನು ಕುಂಟುತ್ತ ಬರುವುದನ್ನು ನೋಡಿ ಬೊಚ್ಚುಬಾಯಿ ತೆರೆದು ನಕ್ಕಳು.

"ಥೇಟ ಕಾಶಪ್ಪಣ್ಣನ್ಹಂಗ ನಡೀತೀಯಲ್ಲೋ ತಮ್ಮಾ! ಖರೆ ಕಾಲ ತಪ್ಪೇತಿ. ಅವಂದು ಎಡಗಾಲು."

"ಎಡಗಾಲ? ಇಲ್ಲಬೇ, ಬಲಗಾಲು."

"ಮೂವತ್ತ ವರ್ಷ ನೋಡೇನಿ, ನನಗ ಹೇಳ್ತಿ? ಬಲಗಾಲಿಲೇ ಮಗ್ಗಾ ತುಳದು ನಿನ್ನ ಸಾಲಿ ಕಲಿಸಿದಾಂವ."

೯ ಜನವರಿ, ಗುರುವಾರ

ಟ್ರಂಕು ತೆಗೆದು ಫೋಟೋಗಳನ್ನೆಲ್ಲ ಹರವಿಕೊಂಡು ಕೂತೆ. ಒಂದರಲ್ಲೂ ಅಪ್ಪ ನಿಂತಿಲ್ಲ. ಎಲ್ಲದರಲ್ಲೂ ಕುರ್ಚಿಯ ಮೇಲೆ, ಧೋತರ ಕಾಲು ಮುಚ್ಚುವ ಹಾಗೆ.

ಮೂವತ್ತೇಳು ವರ್ಷ ಒಂದೇ ಮನೆಯಲ್ಲಿದ್ದೆ. ಕಂಡವರ ಹೊಲದಲ್ಲಿ ಒಂದು ಗೇಣು ಬದು ಸರಿದರೆ ಗುರುತಿಸುತ್ತೇನೆ. ಅಪ್ಪನ ಯಾವ ಕಾಲು ಸೋತಿತ್ತೆಂದು ನನಗೆ ಗೊತ್ತಿಲ್ಲ. ನಾನು ಆ ಕಡೆ ನೋಡುತ್ತಲೇ ಇರಲಿಲ್ಲ.

೧೦ ಜನವರಿ, ಶುಕ್ರವಾರ

ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಇವತ್ತು ನಳದ ಹತ್ತಿರ ಕುಂಟಲಿಲ್ಲ. ಎರಡೂ ಕಾಲು ಸಮನಾಗಿ ಊರಿ ಮೆಲ್ಲಗೆ ನಡೆದುಬಂದೆ. ಅವ್ವ ಉಪವಾಸ ಬೀಳುತ್ತಾಳೆ ಎಂಬ ಹೆದರಿಕೆ ಇತ್ತು. ಆದರೂ ತಪ್ಪು ಕಾಲಿನಲ್ಲಿ ಅಪ್ಪನ ವೇಷ ಹಾಕಲು ಇನ್ನು ಮನಸ್ಸು ಬರಲಿಲ್ಲ.

ಚಿಲಕ ಸರಿಯಿತು.

ಅವ್ವ ನನ್ನನ್ನು ನೋಡಿದಳು. ಆಮೇಲೆ ನನ್ನ ಭುಜದಾಚೆ ನೋಡಿ, "ಬರ್ರಿ," ಅಂದಳು.

ಒಳಗೆ ಬಂದು ಅವಳ ಎದುರಿಗೆ ಕೂತೆ. "ಅವ್ವಾ, ನಾ ಯಾರು ಹೇಳು?"

"ಸಂತೋಷಕುಮಾರ. ಮತ್ಯಾರು?" ಎಷ್ಟೋ ತಿಂಗಳ ಮೇಲೆ ನನ್ನ ಹೆಸರು ಅವಳ ಬಾಯಲ್ಲಿ. "ಕಾಲ ಮುರಕೊಂಡಿದ್ದಿ. ಬಲಗಾಲು."

"ಅಪ್ಪಂದು?"

"ಎಡಗಾಲು. ಎದರ ಕುಂತ ಸೆರಗ ನೇಯಿಸೇನಿ ನಾ. ಮಗ್ಗದ ಕಾಲಮಣಿ ತುಳದ ಸಪ್ಪಳ ಸಾಕು, ನನಗ ತಿಳೀತೈತಿ."

"ಹಂಗಾದ್ರ ಇಷ್ಟ ದಿನಾ ನನ್ನ ಯಾಕ ರೀ ಅಂದಿ? ನನಗ್ಯಾಕ ಅಪ್ಪನ ಮಾತ ಕೇಳಿದಿ?"

ಅವ್ವ ರೊಟ್ಟಿ ಮುರಿಯುತ್ತಿದ್ದವಳು ನಿಲ್ಲಿಸಿದಳು. ನಾನು ಸಣ್ಣವನಿದ್ದಾಗ ದೊಡ್ಡವರ ಮಾತಿನಲ್ಲಿ ಬಾಯಿ ಹಾಕಿದರೆ ನೋಡುತ್ತಿದ್ದಳಲ್ಲ, ಹಾಗೆ ನೋಡಿದಳು.

"ನಿನಗ ಯಾರ ಕೇಳ್ಯಾರ? ನಾ ಅವರ ಕೂಡ ಮಾತಾಡ್ತಿದ್ದೆ. ನಿನ್ನ ಹಿಂದ ಬರ್ತಾರಲ್ಲ, ಅವರ ಕೂಡ. ನಡಕ ನೀ ಯಾಕ ಉತ್ರಾ ಕೊಡ್ತಿ?"

ನೇತ್ರಾ ಒಲೆಯ ಮುಂದಿನಿಂದ ತಿರುಗಿ ನನ್ನ ಮುಖ ನೋಡಿದಳು. ಮಗ್ಗದ ಕೋಣೆಯ ಕದ ಅರ್ಧ ತೆರೆದಿತ್ತು.

"ನವೆಂಬರದಾಗ ಮೂರ ದಿನಾ ಬರಲಿಲ್ಲಲ್ಲ?" ಅಂದೆ. ವಾದ ಮಾಡುತ್ತಿದ್ದೇನೆ ಎಂದು ಗೊತ್ತಿದ್ದೂ ಅಂದೆ.

"ನೀ ದುಡುದುಡು ಓಡಿ ಬಂದಿ. ಅವರ ಕಾಲಿಗೆ ಅದು ಆಗತೈತೇನು? ಸಣ್ಣಂದಿನಿಂದ ನಿಂದು ಅದ. ಈಗ ನಡು ನಡು ಸಾವಕಾಶ ನಡೀತಿ, ಬರ್ತಾರ." ರೊಟ್ಟಿಯ ತುಂಡನ್ನು ಬೆಣ್ಣೆಗೆ ಒತ್ತಿ ಬಾಯಿಗಿಟ್ಟುಕೊಂಡಳು. "ಎಷ್ಟ ವರ್ಷ ಹಿಂದ ಬಿದ್ದಿದ್ರು ಪಾಪ."

ನಾನು ಅತ್ತೆ. ಮುಚ್ಚಿಡಲು ಆಗಲಿಲ್ಲ, ಮುಚ್ಚಿಡಬೇಕು ಅನ್ನಿಸಲೂ ಇಲ್ಲ. ಸಿಟ್ಟು ಹೋಯಿತೇ ಎಂದು ಅವ್ವ ಕೇಳಿದ್ದಳಲ್ಲ, ಅದಕ್ಕೆ ಅಪ್ಪ ಏನಂದ ಎಂದು ಕೇಳಬೇಕಿತ್ತು.

೨೪ ಜನವರಿ, ಶುಕ್ರವಾರ

ಮಂಡಿಯ ಬಾವು ಇಳಿದಿದೆ. ಕುಂಟುವುದಿಲ್ಲ. ದಿನವೂ ಚಿಲಕ ಸರಿಯುತ್ತದೆ, ಅವ್ವ ನನ್ನ ಹಿಂದಕ್ಕೆ ನೋಡಿ ಬರ್ರಿ ಅನ್ನುತ್ತಾಳೆ. ಭಾನುವಾರದ ತಕ್ಕಡಿಯಲ್ಲಿ ನಲವತ್ತೊಂದೂವರೆ ಕಿಲೋ.

ಮುಬಶೀರಾ ಮೇಡಂ ಖುಷಿಯಾದರು. "ಇನ್ನ ನಡಿಗಿ ಬಿಟ್ಟಬಿಡ್ರಿ ಸರ್. ಒಂದ ಸಮನ ಓಡ್ರಿ. ಎರಡ ತಾಸಿನೊಳಗ ಮುಗಸ್ತೀರಿ."

ಒಂದು ನಿಮಿಷದ ನಡಿಗೆ ಇರಲಿ ಅಂದೆ. ಯಾಕೆ ಎಂದರು. ಅಭ್ಯಾಸ ಆಗಿದೆ ಅಂದೆ.

ಆಫೀಸಿಗೆ ಮೈದಾನದ ರಸ್ತೆಯಿಂದಲೇ ಹೋದೆ. ಹತ್ತಿರದ ದಾರಿ ಅದು. ಆ ಗೋಡೆಯನ್ನು ಈಗ ಎತ್ತರ ಮಾಡಿದ್ದಾರೆ.

೮ ಫೆಬ್ರವರಿ, ಶನಿವಾರ

ನಾಳೆ ಓಟ. ಮಧ್ಯಾಹ್ನದ ಬಸ್ಸಿಗೆ ಬಾದಾಮಿಗೆ ಬಂದೆ, ಬಳಗದವರ ಜೊತೆ ಉಳಿದಿದ್ದೇನೆ. ಹೊರಡುವಾಗ ಆದದ್ದನ್ನು ಬರೆದೇ ಮಲಗಬೇಕು.

ಚೀಲ ಹೆಗಲಿಗೇರಿಸಿದಾಗ ಅವ್ವ ಅಡುಗೆಮನೆಯಿಂದ ಗೋಡೆ ಹಿಡಿದುಕೊಂಡು ಬಂದಳು. ಕೈಯಲ್ಲಿ ಗಂಟು. ಎರಡು ಕಟಿ ರೊಟ್ಟಿ, ಶೇಂಗಾ ಚಟ್ನಿ. ಎಲ್ಲಿಂದ ಹುಡುಕಿದಳೋ, ಕೆಂಪು ಬಟ್ಟೆ.

"ನಾಳೆ ಓಡಿದ ಮ್ಯಾಲೆ ಉಣ್ಣು," ಅಂದಳು. "ಅವರ ಕಟ್ಟ ಅಂದ್ರು. ಹುನಗುಂದದಾಗ ಗ್ವಾಡಿ ಆಚೆ ಒಗದನಂತ, ಹಸಕೊಂಡ ಬಂದಿದ್ದ ಹುಡುಗ. ಈ ಸಲರ ಉಣ್ಣಲಿ ಅಂದ್ರು."

ಗಂಟು ಎಸೆದದ್ದನ್ನು ನಾನು ಈ ನೋಟ್‌ಬುಕ್ ಬಿಟ್ಟು ಯಾರಿಗೂ ಹೇಳಿಲ್ಲ. ನೇತ್ರಾ ಇದನ್ನು ಓದುವವಳಲ್ಲ. ಅವ್ವನಿಗೆ ಓದಲು ಬರುವುದಿಲ್ಲ. ಅಪ್ಪ ಅವತ್ತು ಎಲ್ಲೋ ನಿಂತು ನೋಡಿ ಮನೆಗೆ ಬಂದು ಅವ್ವನಿಗೆ ಹೇಳಿರಬಹುದು. ಹಾಗೇ ಇರಬೇಕು. ಗೇಟಿನ ಹೊರಗೆ ನಿಂತು ಓಟ ಪೂರ್ತಿ ನೋಡಿಯೇ ಹೋಗಿರಬೇಕು.

೯ ಫೆಬ್ರವರಿ, ಭಾನುವಾರ

ಬಾದಾಮಿಯಿಂದ ಪಟ್ಟದಕಲ್ಲು. ಇಪ್ಪತ್ತೊಂದು ಕಿಲೋಮೀಟರ್. ನಾಲ್ಕು ನಿಮಿಷ ಓಟ, ಒಂದು ನಿಮಿಷ ನಡಿಗೆ. ಎರಡು ಗಂಟೆ ನಲವತ್ತೊಂಬತ್ತು ನಿಮಿಷ. ಬಲಗಾಲು ನೋವಿಲ್ಲ, ಎಡಮಂಡಿ ನೋವಿಲ್ಲ.

ಎಂಟನೇ ಕಿಲೋಮೀಟರಿಗೆಲ್ಲ ಬಳಗದವರು ಕಣ್ಮರೆಯಾದರು. ಆಮೇಲೆ ರಸ್ತೆಯಲ್ಲಿ ನನ್ನೊಬ್ಬನದೇ ಸಪ್ಪಳ, ಓಡುವಾಗ. ನಡೆಯುವ ನಿಮಿಷ ಬಂದಾಗಲೆಲ್ಲ ಬಲಕ್ಕೆ ಸರಿದು ಎಡಗಡೆ ಒಂದಾಳು ಹಿಡಿಸುವಷ್ಟು ಜಾಗ ಬಿಟ್ಟು ನಡೆದೆ.

ಮುಗಿಯುವ ಜಾಗದಲ್ಲಿ ನೀರಿನ ಟೇಬಲ್ಲು ಮಡಚುತ್ತಿದ್ದರು. ಪಟ್ಟಿ ಹಿಡಿದು ಹೆಸರಿಗೆ ಗುರುತು ಹಾಕುತ್ತಿದ್ದ ಸ್ವಯಂಸೇವಕ ಹುಡುಗ ಫಾರೂಕ ನನ್ನ ಹೆಸರಿಗೂ ಹಾಕಿದ. ಆಮೇಲೆ ನಾನು ಬಂದ ದಾರಿ ನೋಡಿದ.

"ಹಿಂದ ಇನ್ನೂ ಯಾರರ ಬರೂರ ಅದಾರೇನ್ರಿ ಸರ್? ಇಲ್ಲಂದ್ರ ತಗದಬಿಡ್ತೇವಿ."

"ಅದಾರ. ನಮ್ಮಪ್ಪ ಬರ್ತಾರ," ಅಂದೆ. "ಕಾಲಿಗೆ ತ್ರಾಸ ಐತಿ, ಸಾವಕಾಶ ಬರ್ತಾರ."

ಅವನು ಟೇಬಲ್ಲು ಮತ್ತೆ ಬಿಚ್ಚಿ ಒಂದು ಗ್ಲಾಸು ನೀರು ತುಂಬಿಟ್ಟ. ನಾನು ಮಲಪ್ರಭೆಯ ದಂಡೆಗೆ ಹೋಗಿ ಕೂತು ಗಂಟು ಬಿಚ್ಚಿ ಎರಡೂ ರೊಟ್ಟಿ ಉಂಡೆ.